ಚಿಪ್ ಒಂದೇ, ಚೀಟಿ ಬೇರೆ

ಅಂಗಡಿಯಲ್ಲಿ ಒಂದು ಪ್ರೊಸೆಸರ್‌ಗೆ ಒಂದು ಬೆಲೆ, ಪಕ್ಕದ್ದಕ್ಕೆ ಅದರ ಎರಡರಷ್ಟು. ದುಬಾರಿಯದನ್ನು ಬೇರೆಯದೇ ರೀತಿಯಲ್ಲಿ ತಯಾರಿಸಿರುತ್ತಾರೆ ಅಂತ ನಾವು ಅಂದುಕೊಳ್ಳುತ್ತೇವೆ. ಎಷ್ಟೋ ಸಲ ಎರಡೂ ಒಂದೇ ಬಿಲ್ಲೆಯಿಂದ ಕತ್ತರಿಸಿದ ತುಂಡುಗಳು.

ತಟ್ಟೆಯಗಲದ ಸಿಲಿಕಾನ್ ಬಿಲ್ಲೆಯ ಮೇಲೆ ನೂರಾರು ಚಿಪ್‌ಗಳನ್ನು ಒಟ್ಟಿಗೆ ಮೂಡಿಸುತ್ತಾರೆ. ನಕ್ಷೆ ಒಂದೇ ಆದರೂ ಎಲ್ಲವೂ ಒಂದೇ ತರ ಬರುವುದಿಲ್ಲ. ಒಂದು ಕಡೆ ಪದರ ಚೂರು ದಪ್ಪ, ಇನ್ನೊಂದು ಕಡೆ ಚೂರು ತೆಳು, ಎಲ್ಲೋ ಒಂದು ದೂಳಿನ ಕಣ. ಹಾಗಾಗಿ ಪ್ರತಿಯೊಂದನ್ನೂ ಬಿಸಿ ಏರಿಸಿ, ಲೆಕ್ಕ ಮಾಡಿಸಿ ಪರೀಕ್ಷಿಸುತ್ತಾರೆ. ಯಾವ ವೇಗದವರೆಗೆ ತಪ್ಪಿಲ್ಲದೆ ಓಡಿತೋ ಆ ವೇಗದ ಬುಟ್ಟಿಗೆ ಹಾಕುತ್ತಾರೆ. ಇದಕ್ಕೆ ಬಿನ್ನಿಂಗ್ ಅಂತ ಹೆಸರು. 1993ರಲ್ಲಿ ಇಂಟೆಲ್‌ನ ಮೊದಲ ಪೆಂಟಿಯಮ್ ಬಂದಾಗ 60 ಮತ್ತು 66 ಮೆಗಾಹರ್ಟ್ಸ್‌ನ ಎರಡು ದರ್ಜೆಗಳಿದ್ದವು. ಎರಡಕ್ಕೂ ನಕ್ಷೆ ಒಂದೇ.

ವೇಗ ನೋಡಿ ವಿಂಗಡಿಸಿದರೆ ನ್ಯಾಯವೇ. ಆದರೆ ಬೆಲೆ ನೋಡಿಯೂ ವಿಂಗಡಿಸಿದ್ದಾರೆ. 1989ರಲ್ಲಿ ಬಂದ ಇಂಟೆಲ್ 486 ಚಿಪ್‌ನಲ್ಲಿ ದಶಮಾಂಶದ ಲೆಕ್ಕಕ್ಕೆಂದೇ ಪ್ರತ್ಯೇಕ ಭಾಗವಿತ್ತು. 1991ರಲ್ಲಿ ಅದೇ ಭಾಗವನ್ನು ನಿಷ್ಕ್ರಿಯಗೊಳಿಸಿ, 486 ಎಸ್‌ಎಕ್ಸ್ ಎಂಬ ಹೆಸರಲ್ಲಿ ಅಗ್ಗಕ್ಕೆ ಮಾರಿದರು. ಆ ಭಾಗ ಬೇಕಾದವರು 487 ಎಂಬ ‘ಸಹಾಯಕ’ ಚಿಪ್ ಕೊಳ್ಳಬೇಕಿತ್ತು. ಅದು ಸಹಾಯಕ ಆಗಿರಲೇ ಇಲ್ಲ. ಪೂರ್ತಿ 486 ಅದು. ಕೂರಿಸಿದ ಕೂಡಲೇ ಹಳೆಯದನ್ನು ಮಲಗಿಸಿ ಎಲ್ಲ ಕೆಲಸ ತಾನೇ ಮಾಡುತ್ತಿತ್ತು.

ಕೆಲವು ವ್ಯಾಪಾರಿಗಳಿಗೂ ಈ ಗುಟ್ಟು ಗೊತ್ತಾಯಿತು. 1990ರ ದಶಕದಲ್ಲಿ ಕಡಿಮೆ ವೇಗದ ಚಿಪ್ ಮೇಲಿನ ಸಂಖ್ಯೆ ಅಳಿಸಿ, ಹೆಚ್ಚಿನ ಸಂಖ್ಯೆ ಅಚ್ಚೊತ್ತಿ ಮಾರುವ ದಂಧೆ ಬೆಳೆಯಿತು. ಅಂಥ ಕಂಪ್ಯೂಟರ್ ಕೊಂಡವರ ಪಾಲಿಗೆ ಬಂದದ್ದು ಅತಿ ಬಿಸಿಯಾಗಿ ಕೆಲಸದ ನಡುವೆ ನಿಂತುಬಿಡುವ ಯಂತ್ರ. ಆಮೇಲೆ ಇಂಟೆಲ್ ಚಿಪ್‌ನೊಳಗೇ ವೇಗದ ಗುಣಕಕ್ಕೆ ಬೀಗ ಹಾಕಿತು.

ಬೀಗಕ್ಕೂ ಸಂದು ಸಿಕ್ಕಿತು. 1998ರ ಆಗಸ್ಟ್‌ನಲ್ಲಿ ಬಂದ ಸೆಲೆರಾನ್ 300ಎ ಅಗ್ಗದ ಚಿಪ್. ಅದರ ಗುಣಕ ನಾಲ್ಕೂವರೆ, ಬೋರ್ಡ್ ಕೊಡುವ ತಾಳ 66. ಗುಣಿಸಿದರೆ ಸುಮಾರು 300 ಮೆಗಾಹರ್ಟ್ಸ್. ಗುಣಕ ಮುಟ್ಟದೆ ಬೋರ್ಡಿನ ತಾಳವನ್ನು 100ಕ್ಕೆ ಏರಿಸಿದರೆ 450! ಆ ವೇಗದಲ್ಲಿ ಸಲೀಸಾಗಿ ಓಡಿದ ಚಿಪ್‌ಗಳಿಗೆ ಲೆಕ್ಕವಿಲ್ಲ. ಅಗ್ಗದ ಚಿಪ್‌ಗೆ ಗಿರಾಕಿ ಹೆಚ್ಚಿದ್ದಾಗ, ಗಟ್ಟಿ ಚಿಪ್‌ಗಳಿಗೂ ಸಣ್ಣ ಸಂಖ್ಯೆಯ ಚೀಟಿಯೇ ಬೀಳುತ್ತದೆ.

ಇದೇ ವಿಂಗಡಣೆಯಿಂದ ವ್ಯರ್ಥ ತಪ್ಪಿದ್ದೂ ಉಂಟು. 2006ರಲ್ಲಿ ಸೋನಿಯ ಪ್ಲೇಸ್ಟೇಷನ್ 3 ಬಂದಾಗ ಅದರ ಸೆಲ್ ಚಿಪ್‌ನಲ್ಲಿ ಎಂಟು ಸಹಾಯಕ ಘಟಕಗಳಿದ್ದರೂ ಬಳಸಿದ್ದು ಏಳನ್ನೇ. ಎಂಟರಲ್ಲಿ ಒಂದು ಕೆಟ್ಟಿದ್ದರೂ ಚಿಪ್ ಕಸದ ಬುಟ್ಟಿ ಸೇರದಿರಲಿ ಎಂಬುದೇ ಲೆಕ್ಕಾಚಾರ. 2008ರಲ್ಲಿ ಎಎಂಡಿ ಕಂಪನಿ ನಾಲ್ಕು ಕೋರ್‌ಗಳ ಫಿನಮ್‌ನಲ್ಲಿ ಒಂದನ್ನು ಮುಚ್ಚಿ, ಮೂರು ಕೋರ್‌ನದೆಂದು ಮಾರಿತು.

ಸಂಖ್ಯೆ ಏರಿಸಿ ಬರೆದರೆ ಮೋಸ, ಇಳಿಸಿ ಬರೆದರೆ ವ್ಯಾಪಾರ. ಇಳಿಸಿದಾಗ ಕೊಂಡವರಿಗೆ ಹೇಳಿದಷ್ಟಾದರೂ ಸಿಗುತ್ತದೆ, ಏರಿಸಿದಾಗ ಅದೂ ಸಿಗುವುದಿಲ್ಲ. ಮಕ್ಕಳ ಓದಿಗೆಂದು ಹಳೆಯ ಕಂಪ್ಯೂಟರ್ ಕೊಳ್ಳುವಾಗ ಹೊರಗೆ ಅಂಟಿಸಿದ ಚೀಟಿ ನಂಬಬೇಡಿ. ಯಂತ್ರ ಆನ್ ಮಾಡಿಸಿ, ಸೆಟ್ಟಿಂಗ್ಸ್‌ನಲ್ಲಿ ಪ್ರೊಸೆಸರ್‌ನ ಪೂರ್ತಿ ಹೆಸರು, ಸಂಖ್ಯೆ ಓದಿ, ಅರ್ಧ ಗಂಟೆ ಓಡಿಸಿ ನೋಡಿ. ಆಮೇಲೆ ದುಡ್ಡು ಕೊಡಿ.