ಲಕ್ಕುಂಡಿ: ನೂರೊಂದು ಗುಡಿ, ನೂರೊಂದು ಬಾವಿಯ ಊರು

ಲಕ್ಕುಂಡಿ ಗದಗ ಜಿಲ್ಲೆ, ಗದಗ ತಾಲ್ಲೂಕಿನ ಒಂದು ಗ್ರಾಮ. ಗದಗದಿಂದ ಪೂರ್ವಕ್ಕೆ ಸುಮಾರು 12 ಕಿ.ಮೀ. ದೂರದಲ್ಲಿ, ಹೊಸಪೇಟೆಗೆ ಹೋಗುವ ಹೆದ್ದಾರಿಯ ಮೇಲಿದೆ. ಸುತ್ತಲೂ ಎರೆ ಭೂಮಿ. ಮಳೆ ನಂಬಿದ ಒಕ್ಕಲುತನ. ಬಿಳಿಜೋಳ, ಕಡಲೆ, ಹತ್ತಿ, ಉಳ್ಳಾಗಡ್ಡಿ, ಮೆಣಸಿನಕಾಯಿ ಇಲ್ಲಿನ ಬೆಳೆಗಳು. ಬಸ್ಸಿನ ಕಿಟಕಿಯಿಂದ ನೋಡಿದವರಿಗೆ ಇದು ಆ ಸೀಮೆಯ ಇತರ ಊರುಗಳಂತೆಯೇ ಕಾಣುತ್ತದೆ. ಒಳಗಿನ ಓಣಿ ಹೊಕ್ಕರೆ ಮನೆಗಳ ಸಾಲಿನ ನಡುವೆ ಸಾವಿರ ವರ್ಷ ಹಳೆಯ ಗುಡಿಗಳು ಒಂದರ ಹಿಂದೆ ಒಂದು ಎದುರಾಗುತ್ತವೆ. ‘ನೂರೊಂದು ಗುಡಿ, ನೂರೊಂದು ಬಾವಿ’ ಎಂಬುದು ಊರವರ ಲೆಕ್ಕ. ಇಂದು ಅಷ್ಟೂ ಉಳಿದಿಲ್ಲ. ಉಳಿದಿರುವಷ್ಟೇ ಕಲ್ಯಾಣ ಚಾಲುಕ್ಯರ ಕಾಲದ ವಾಸ್ತುಶಿಲ್ಪವನ್ನು ಅರಿಯಲು ಬೇಕಾದಷ್ಟಾಗುತ್ತದೆ.

ಶಾಸನಗಳಲ್ಲಿ ಊರಿನ ಹೆಸರು ಲೊಕ್ಕಿಗುಂಡಿ. ಬೆಳ್ವೊಲ ಮುನ್ನೂರು ನಾಡಿಗೆ ಸೇರಿದ್ದ ಈ ಊರಿನಲ್ಲಿ ಟಂಕಸಾಲೆ ಇತ್ತು. ಇಲ್ಲಿ ಅಚ್ಚಾಗುತ್ತಿದ್ದ ಚಿನ್ನದ ನಾಣ್ಯಕ್ಕೆ ‘ಲೊಕ್ಕಿ ಗದ್ಯಾಣ’ ಎಂದು ಹೆಸರು. ದೇವಾಲಯಗಳಿಗೆ ಬಿಟ್ಟ ದತ್ತಿಯನ್ನು ಈ ಗದ್ಯಾಣದಲ್ಲಿ ಎಣಿಸಿ ಹೇಳುವ ಶಾಸನಗಳಿವೆ. ಊರಿನ ವರ್ತಕರ ಕೈಯೂ ದೊಡ್ಡದಿತ್ತು: ಅಂದು ಧರ್ಮವೊಳಲು ಎನಿಸಿಕೊಂಡಿದ್ದ ಹತ್ತಿರದ ಡಂಬಳದಲ್ಲಿ ತಾರಾದೇವಿಯ ಬೌದ್ಧ ವಿಹಾರವನ್ನು ಕಟ್ಟಿಸಿದವನು ಲೊಕ್ಕಿಗುಂಡಿಯ ಸಂಗವಯ್ಯ ಸೆಟ್ಟಿ ಎಂದು ಅಲ್ಲಿನ 1095ರ ಶಾಸನ ತಿಳಿಸುತ್ತದೆ. ಜೈನ ಬಸದಿ, ಶೈವ ಗುಡಿ, ಬೌದ್ಧ ವಿಹಾರ ಮೂರಕ್ಕೂ ಹಣ ಹರಿದುಹೋದ ಊರು ಇದು.

ಲಕ್ಕುಂಡಿಯ ಚರಿತ್ರೆಯಲ್ಲಿ ಮೊದಲು ನಿಲ್ಲುವ ಹೆಸರು ಅತ್ತಿಮಬ್ಬೆಯದು. ದಂಡನಾಯಕ ಮಲ್ಲಪಯ್ಯನ ಮಗಳಾದ ಈಕೆ ಚಾಲುಕ್ಯ ತೈಲಪನ ಮಂತ್ರಿ ಧಲ್ಲಪನ ಮಗ ನಾಗದೇವನನ್ನು ವರಿಸಿದಳು. ತಂಗಿ ಗುಂಡಮಬ್ಬೆಯೂ ಅವನ ಹೆಂಡತಿಯೇ. ನಾಗದೇವ ತೀರಿಕೊಂಡಾಗ ಗುಂಡಮಬ್ಬೆ ಸಹಗಮನ ಮಾಡಿದಳು; ಅತ್ತಿಮಬ್ಬೆ ಮಗ ಅಣ್ಣಿಗದೇವನನ್ನು ಬೆಳೆಸುತ್ತ, ವ್ರತನಿಯಮಗಳಲ್ಲಿ, ದಾನದಲ್ಲಿ ಉಳಿದ ಬದುಕನ್ನು ಸವೆಸಿದಳು. ‘ದಾನಚಿಂತಾಮಣಿ’ ಎಂಬ ಬಿರುದು ಬಂದದ್ದು ಹೀಗೆ. ಕವಿಚಕ್ರವರ್ತಿ ರನ್ನ 993ರಲ್ಲಿ ಮುಗಿಸಿದ ‘ಅಜಿತಪುರಾಣ’ಕ್ಕೆ ಆಶ್ರಯ ಕೊಟ್ಟವಳು ಈಕೆಯೇ. ಗೋದಾವರಿಯ ಪ್ರವಾಹ ಅವಳಿಗಾಗಿ ನಿಂತಿತೆಂಬಂಥ ಪವಾಡಗಳೂ ಅವಳ ಹೆಸರಿಗೆ ಹೆಣೆದುಕೊಂಡಿವೆ.

ಅವಳ ಕೆಲಸಗಳಲ್ಲಿ ಕನ್ನಡ ಓದುಗರು ಮರೆಯಲಾಗದ್ದು ಇನ್ನೊಂದಿದೆ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಆಸ್ಥಾನಕವಿ ಪೊನ್ನನಿಂದ ‘ಶಾಂತಿಪುರಾಣ’ವನ್ನು ಬರೆಸಿದವರು ಮಲ್ಲಪಯ್ಯ ಮತ್ತು ಅವನ ತಮ್ಮ ಪುನ್ನಮಯ್ಯ. ತಂದೆ ಬರೆಸಿದ ಆ ಕಾವ್ಯದ ಸಾವಿರ ಪ್ರತಿಗಳನ್ನು ಮಗಳು ಮಾಡಿಸಿ ಹಂಚಿದಳು. ಓಲೆಗರಿಯನ್ನು ಹದಮಾಡಿ, ಕಂಠವೆಂಬ ಮೊನೆಯಾದ ಲೇಖನಿಯಿಂದ ಒಂದೊಂದೇ ಅಕ್ಷರ ಕೊರೆದು, ಮಸಿ ತುಂಬಿ ಪ್ರತಿ ತಯಾರಿಸಬೇಕಾಗಿದ್ದ ಕಾಲ ಅದು. ಒಂದೇ ಗ್ರಂಥದ ಸಾವಿರ ಪ್ರತಿಗಳೆಂದರೆ ಎಷ್ಟು ಜನ ಲಿಪಿಕಾರರಿಗೆ ಎಷ್ಟು ಕಾಲ ಅನ್ನ ಹಾಕಿರಬೇಕು ಎಂಬುದನ್ನು ಊಹಿಸಿಕೊಳ್ಳಬಹುದು. ಇಂದು ಕರ್ನಾಟಕ ಸರ್ಕಾರ ಲೇಖಕಿಯರಿಗೆ ಕೊಡುವ ಪ್ರಶಸ್ತಿಗೆ ದಾನಚಿಂತಾಮಣಿ ಅತ್ತಿಮಬ್ಬೆಯ ಹೆಸರಿಟ್ಟಿದೆ.

ಊರಿನ ದೊಡ್ಡ ಬಸದಿ, ಬ್ರಹ್ಮ ಜಿನಾಲಯ, ಅವಳು ಕಟ್ಟಿಸಿದ್ದು. ಇರಿವಬೆಡಂಗ ಸತ್ಯಾಶ್ರಯನ ಆಳ್ವಿಕೆಯ 1007ರ ಶಾಸನ ಇದನ್ನು ದಾಖಲಿಸಿದೆ. ನವರಂಗದಲ್ಲಿ ಚತುರ್ಮುಖ ಬ್ರಹ್ಮ ಮತ್ತು ಪದ್ಮಾವತಿಯ ವಿಗ್ರಹಗಳಿವೆ. ಪದ್ಮಾವತಿಯ ಮೈಗೆ ತಂದಿರುವ ನುಣುಪು ಇಂದಿಗೂ ಮಾಸಿಲ್ಲ. ವಾಸ್ತು ಅಭ್ಯಾಸಿಗಳಿಗೆ ಈ ಬಸದಿ ಮುಖ್ಯವಾಗಲು ಅದರ ಕಲ್ಲೂ ಒಂದು ಕಾರಣ. ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳಲ್ಲಿ ಬಳಸಿದ್ದು ಮರಳುಗಲ್ಲು. ಲಕ್ಕುಂಡಿಯ ಶಿಲ್ಪಿಗಳು ಕೈಗೆತ್ತಿಕೊಂಡದ್ದು ಉಳಿಗೆ ಸುಲಭವಾಗಿ ಬಗ್ಗುವ ಬಳಪದ ಕಲ್ಲು. ಕಲ್ಲು ಬದಲಾದಂತೆ ಕಟ್ಟಡದ ಗಾತ್ರ ಇಳಿಯಿತು, ಕುಸುರಿ ಏರಿತು. ಇದೇ ಹಾದಿಯನ್ನು ಮುಂದೆ ಹೊಯ್ಸಳರು ಬೇಲೂರು, ಹಳೇಬೀಡಿನ ತನಕ ಒಯ್ದರು.

ಆ ಕುಸುರಿ ಕೈಯಳತೆಯಲ್ಲಿ ಕಾಣಸಿಗುವುದು ಕಾಶಿ ವಿಶ್ವನಾಥ ದೇವಾಲಯದಲ್ಲಿ. ಎರಡು ಗರ್ಭಗುಡಿಗಳು ಒಂದೇ ಜಗಲಿಯ ಮೇಲೆ ಎದುರುಬದುರಾಗಿವೆ: ದೊಡ್ಡದು ಶಿವನಿಗೆ, ಪಶ್ಚಿಮಕ್ಕೆ ಮುಖಮಾಡಿದ ಚಿಕ್ಕದು ಸೂರ್ಯನಿಗೆ. ಬಾಗಿಲುವಾಡದ ಬಳಿ ನಿಂತು ನೋಡಬೇಕು. ಚೌಕಟ್ಟಿನ ಸುತ್ತ ಪಟ್ಟಿಯ ಪಕ್ಕ ಪಟ್ಟಿ. ಒಂದರಲ್ಲಿ ಬಳ್ಳಿಯ ಸುರುಳಿ, ಇನ್ನೊಂದರಲ್ಲಿ ಪುಟ್ಟ ಮೂರ್ತಿಗಳು, ಮತ್ತೊಂದರಲ್ಲಿ ಎಲೆಯ ಅಂಚು. ಕೆಲವೆಡೆ ಬಳ್ಳಿಯ ಹಿಂದಿನ ಕಲ್ಲನ್ನು ಎಷ್ಟು ಆಳಕ್ಕೆ ತೆಗೆದಿದ್ದಾರೆಂದರೆ ಬಳ್ಳಿ ಗೋಡೆಗೆ ಅಂಟಿದಂತಿಲ್ಲ, ಬಿಡಿಯಾಗಿ ನಿಂತಂತಿದೆ. ಒಳಗಿನ ಕಂಬಗಳ ಮೇಲೆ ಉರುಟಾದ ಏಣುಗಳು ಸಮಾಂತರವಾಗಿ ಸುತ್ತಿಕೊಂಡಿವೆ; ಕಂಬವನ್ನು ತಿರುಗಿಸುತ್ತ ಉಳಿ ಹಿಡಿದು ಕಡೆದದ್ದರ ಗುರುತು ಅದು. ಶಿಖರದ ತುದಿ ಮಾತ್ರ ಉಳಿದಿಲ್ಲ. ಸನಿಹದ ನನ್ನೇಶ್ವರ ಗುಡಿ ಇದೇ ಶೈಲಿಯದು. ಅಲಂಕಾರ ಕಡಿಮೆ, ಹಾಗಾಗಿ ಕಟ್ಟಡದ ಅಂಗಾಂಗಗಳನ್ನು ಗುರುತಿಸುವುದು ಸುಲಭ.

ಗುಡಿಗಳಷ್ಟೇ ಹೆಸರು ಮಾಡಿದವು ಬಾವಿಗಳು. ಮಾಣಿಕೇಶ್ವರ ದೇವಾಲಯಕ್ಕೆ ತಗಲಿಕೊಂಡ ಮುಸುಕಿನ ಬಾವಿಗೆ ಮೂರು ಕಡೆಯಿಂದ ಮೆಟ್ಟಿಲುಗಳು ಇಳಿಯುತ್ತವೆ; ನಾಲ್ಕನೆಯ ಬದಿಯಲ್ಲಿ ಸೇತುವೆಯಂಥ ಕಟ್ಟಡ ಬಾವಿಯನ್ನು ಗುಡಿಗೆ ಜೋಡಿಸಿದೆ. ಗೋಡೆಯಲ್ಲಿ ಸಾಲು ಸಾಲು ಗೂಡುಗಳು, ಅವುಗಳಿಗೆ ಪುಟ್ಟ ಶಿಖರಗಳು. ಛಬ್ಬೀರ ಬಾವಿ, ಕಣ್ಣೇರ ಬಾವಿಗಳೂ ಇದೇ ಬಗೆಯ ಮೆಟ್ಟಿಲು ಬಾವಿಗಳು. ನದಿಯಿಲ್ಲದ, ಮಳೆ ಕಡಿಮೆ ಬೀಳುವ ಬಯಲಿನಲ್ಲಿ ಒಂದು ಪೇಟೆ ಬದುಕಲು ನೀರು ಹಿಡಿದಿಡಲೇಬೇಕಿತ್ತು. ನೀರಿನ ಮಟ್ಟ ಇಳಿದಂತೆ ಮೆಟ್ಟಿಲ ಮೇಲೆ ತಾವೂ ಇಳಿದು ಕೊಡ ತುಂಬಿಕೊಳ್ಳುವ ಏರ್ಪಾಟು ಇದು.

ಶರಣರ ಪರಂಪರೆಯಲ್ಲೂ ಊರಿಗೆ ಸ್ಥಾನವಿದೆ. 12ನೆಯ ಶತಮಾನದ ಅಜಗಣ್ಣ ಮತ್ತು ಅವನ ತಂಗಿ ಮುಕ್ತಾಯಕ್ಕ ಲಕ್ಕುಂಡಿಯವರೆಂದು ಪರಂಪರೆ ಹೇಳುತ್ತದೆ. ಅಣ್ಣನ ಸಾವಿನಿಂದ ಕಂಗೆಟ್ಟ ಮುಕ್ತಾಯಕ್ಕನಿಗೂ ಅಲ್ಲಮಪ್ರಭುವಿಗೂ ನಡೆದ ಸಂವಾದ ವಚನ ಸಾಹಿತ್ಯದ ಬಹುಚರ್ಚಿತ ಭಾಗ. ಅವಳ ವಚನಗಳ ಅಂಕಿತ ‘ಅಜಗಣ್ಣ ತಂದೆ’.

ಚಾಲುಕ್ಯರು ಕುಸಿದ ಮೇಲೆ ಈ ನಾಡಿಗಾಗಿ ಹೊಯ್ಸಳರೂ ಸೇವುಣರೂ ಕಾದಾಡಿದರು. ಇಮ್ಮಡಿ ಬಲ್ಲಾಳ ಗದಗ ಸೀಮೆಯ ಸೊರಟೂರಿನಲ್ಲಿ ಸೇವುಣ ಭಿಲ್ಲಮನ ಸೈನ್ಯವನ್ನು ಸೋಲಿಸಿ ಲೊಕ್ಕಿಗುಂಡಿಯಲ್ಲಿ ಬೀಡುಬಿಟ್ಟ. ಗದಗದ ತ್ರಿಕೂಟೇಶ್ವರನಿಗೆ 1192ರಲ್ಲಿ ಅವನು ಕೊಟ್ಟ ದತ್ತಿ ಅಲ್ಲಿಂದಲೇ ಹೊರಟದ್ದು. ಕೆಲಕಾಲ ಊರು ಹೊಯ್ಸಳರ ಉತ್ತರದ ರಾಜಧಾನಿಯಂತಿತ್ತು. 13ನೆಯ ಶತಮಾನದಲ್ಲಿ ಸೇವುಣರು ಈ ಪ್ರದೇಶವನ್ನು ಮರಳಿ ಪಡೆದರು. ಅಧಿಕಾರ, ವ್ಯಾಪಾರಗಳ ಕೇಂದ್ರ ಬೇರೆಡೆಗೆ ಸರಿದಂತೆ ಲಕ್ಕುಂಡಿ ಒಕ್ಕಲುತನದ ಹಳ್ಳಿಯಾಗಿ ಉಳಿಯಿತು.

ಬ್ರಿಟಿಷ್ ಪುರಾತತ್ತ್ವಜ್ಞ ಹೆನ್ರಿ ಕೌಸೆನ್ಸ್ ಕನ್ನಡ ಜಿಲ್ಲೆಗಳ ಚಾಲುಕ್ಯ ವಾಸ್ತುವಿನ ಬಗ್ಗೆ 1926ರಲ್ಲಿ ಹೊರತಂದ ಗ್ರಂಥದಲ್ಲಿ ಇಲ್ಲಿನ ಗುಡಿಗಳನ್ನು ವಿವರವಾಗಿ ಪರಿಚಯಿಸಿದ. ಬ್ರಹ್ಮ ಜಿನಾಲಯ, ಕಾಶಿ ವಿಶ್ವನಾಥ, ನನ್ನೇಶ್ವರ ಗುಡಿಗಳು ಈಗ ಭಾರತೀಯ ಪುರಾತತ್ತ್ವ ಸರ್ವೇಕ್ಷಣಾ ಇಲಾಖೆಯ ಸುಪರ್ದಿಯಲ್ಲಿವೆ. ಬಸದಿಯ ಬಳಿ ಇಲಾಖೆಯ ಶಿಲ್ಪ ಸಂಗ್ರಹಾಲಯವಿದೆ. ವಿರೂಪಾಕ್ಷ, ಸೋಮೇಶ್ವರ, ಕುಂಬಾರಗೇರಿ ಈಶ್ವರ, ಮೂಲತಃ ಬಸದಿಯಾಗಿದ್ದ ನಾಗನಾಥ ಮುಂತಾದ ಗುಡಿಗಳು ಜನವಸತಿಯ ನಡುವೆಯೇ ಇವೆ. ಗೋಡೆ, ಕಟ್ಟೆಗಳಲ್ಲಿ ಹಳೆಯ ಕೆತ್ತನೆಯ ಕಲ್ಲು ಸೇರಿಹೋಗಿರುವುದು ಇಲ್ಲಿ ಅಪರೂಪವೇನಲ್ಲ. ಮನೆಗಳ ಮೇಲೆ ಮನೆ ಕಟ್ಟಿಕೊಂಡು ಬಂದಿರುವ ಊರಾದ್ದರಿಂದ ಸ್ಮಾರಕ ರಕ್ಷಣೆ ಮತ್ತು ನಿವಾಸಿಗಳ ಅಗತ್ಯ ಎರಡನ್ನೂ ಒಟ್ಟಿಗೆ ತೂಗಿಸಿಕೊಂಡು ಹೋಗಬೇಕಾಗಿದೆ.

ಗದಗ ರೈಲು ನಿಲ್ದಾಣ ಹತ್ತಿರದ್ದು. ಅಲ್ಲಿಂದ ಬಸ್ ಸೌಕರ್ಯವಿದೆ. ಒಂದೇ ಪ್ರವಾಸದಲ್ಲಿ 24 ಮೂಲೆಗಳ ನಕ್ಷತ್ರಾಕಾರದ ತಳವಿನ್ಯಾಸವಿರುವ ಡಂಬಳದ ದೊಡ್ಡಬಸಪ್ಪ ಗುಡಿಯನ್ನೂ, ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕೊಪ್ಪಳ ಜಿಲ್ಲೆಯ ಇಟಗಿಯಲ್ಲಿ ಕಟ್ಟಿಸಿದ ಮಹಾದೇವ ದೇವಾಲಯವನ್ನೂ ನೋಡಬಹುದು. ಲಕ್ಕುಂಡಿಯ ಬಸದಿಯಿಂದ ಶುರುಮಾಡಿ ಇಟಗಿಯಲ್ಲಿ ಮುಗಿಸಿದರೆ ಚಾಲುಕ್ಯ ಶಿಲ್ಪ ಸುಮಾರು ನೂರು ವರ್ಷಗಳಲ್ಲಿ ಹೇಗೆ ಬೆಳೆಯಿತೆಂಬುದು ಕಣ್ಣಿಗೆ ಬೀಳುತ್ತದೆ.