ಟ್ರಾಮ್ಸೊ–ಲಾಂಗಿಯರ್‌ಬೈನ್ ವಿಮಾನ ಮಾರ್ಗ

ನಾರ್ವೆಯ ಉತ್ತರ ಕರಾವಳಿಯ ಟ್ರಾಮ್ಸೊ ನಗರಕ್ಕೂ ಆರ್ಕ್ಟಿಕ್ ಸಾಗರದ ಸ್ವಾಲ್ಬಾರ್ಡ್ ದ್ವೀಪಸಮೂಹದ ಮುಖ್ಯ ಊರಾದ ಲಾಂಗಿಯರ್‌ಬೈನ್‌ಗೂ ನಡುವಿನ ವಾಯುಮಾರ್ಗ. ನೇರ ದೂರ ಸುಮಾರು 960 ಕಿ.ಮೀ., ಎಂದರೆ 520 ನಾಟಿಕಲ್ ಮೈಲಿಯ ಆಸುಪಾಸು. ಜೆಟ್ ವಿಮಾನಕ್ಕೆ ವೇಳಾಪಟ್ಟಿಯಲ್ಲಿ ಒಂದೂವರೆ ಗಂಟೆಗಿಂತ ತುಸು ಹೆಚ್ಚು ಹೊತ್ತು ಇಟ್ಟಿರುತ್ತಾರೆ. ನಿಗದಿತ ಸಾರ್ವಜನಿಕ ವಿಮಾನ ಸೇವೆಯಿರುವ ನಿಲ್ದಾಣಗಳಲ್ಲಿ ಲಾಂಗಿಯರ್‌ಬೈನ್‌ನದು ಜಗತ್ತಿನಲ್ಲೇ ಅತ್ಯಂತ ಉತ್ತರದ್ದು.

ಗೋಡೆಗೆ ತೂಗುಹಾಕುವ ಮರ್ಕೇಟರ್ ಭೂಪಟದಲ್ಲಿ ಈ ಹಾದಿ ಬೆಂಗಳೂರು–ದೆಹಲಿ ಹಾದಿಯ ಹತ್ತಿರ ಹತ್ತಿರ ಎರಡರಷ್ಟು ಉದ್ದ ಕಾಣುತ್ತದೆ. ನಿಜದಲ್ಲಿ ಅದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೆ. ಧ್ರುವದ ಕಡೆ ಸಾಗಿದಂತೆ ಆ ಭೂಪಟ ನೆಲವನ್ನು ಹಿಗ್ಗಿಸುವುದೇ ಇದಕ್ಕೆ ಕಾರಣ. ಆದ್ದರಿಂದ ದೂರವನ್ನು ಅಕ್ಷಾಂಶದಿಂದ ಲೆಕ್ಕ ಹಾಕುವುದೇ ಮೇಲು. ಟ್ರಾಮ್ಸೊ ನಿಲ್ದಾಣ 69.7 ಡಿಗ್ರಿ ಉತ್ತರದಲ್ಲಿದೆ, ಲಾಂಗಿಯರ್‌ಬೈನ್ 78.2 ಡಿಗ್ರಿಯಲ್ಲಿ. ಡಿಗ್ರಿಗೆ 111 ಕಿ.ಮೀ.ಗಿಂತ ತುಸು ಹೆಚ್ಚು ಹಿಡಿದರೆ ಉತ್ತರ ದಿಕ್ಕಿನ ಅಂತರವೇ 950 ಕಿ.ಮೀ. ಆಗುತ್ತದೆ. ರೇಖಾಂಶದ ವ್ಯತ್ಯಾಸ ಮೂರೂವರೆ ಡಿಗ್ರಿ. ಸಮಭಾಜಕದ ಬಳಿ ಅದು 380 ಕಿ.ಮೀ. ದಾಟುತ್ತಿತ್ತು, ಇಲ್ಲಿ 100 ಕಿ.ಮೀ. ಸುತ್ತಮುತ್ತ. ಅದೂ ಅಡ್ಡದಿಕ್ಕಿನಲ್ಲಿರುವುದರಿಂದ ಒಟ್ಟು ದೂರಕ್ಕೆ ಸೇರುವುದು ಐದಾರು ಕಿ.ಮೀ. ಮಾತ್ರ.

ಗಂಟೆಗೆ 830 ಕಿ.ಮೀ. ವೇಗದಲ್ಲಿ ಹಾರಿದರೆ ಈ ದೂರಕ್ಕೆ ಒಂದು ಗಂಟೆ ಹತ್ತು ನಿಮಿಷ ಸಾಕು. ಉಳಿದ ಹೊತ್ತು ಮೇಲೇರುವುದಕ್ಕೆ, ಕೆಳಗಿಳಿಯುವುದಕ್ಕೆ, ನೆಲದ ಮೇಲಿನ ಓಡಾಟಕ್ಕೆ ಹೋಗುತ್ತದೆ. ದಾರಿಯ ಬಹುಭಾಗ ಸಮುದ್ರ, ಅದರ ನಡುವೆ ಬ್ಯೋರ್ನೋಯಾ ಎಂಬ ಪುಟ್ಟ ದ್ವೀಪವೊಂದೇ ನೆಲ. ಹವೆ ಕೆಟ್ಟು ಲಾಂಗಿಯರ್‌ಬೈನ್‌ನಲ್ಲಿ ಇಳಿಯಲಾಗದಿದ್ದರೆ ಹತ್ತಿರದಲ್ಲಿ ದೊಡ್ಡ ಜೆಟ್‌ಗೆ ತಕ್ಕ ಬೇರೆ ನಿಲ್ದಾಣವಿಲ್ಲ. ಹೀಗಾಗಿ ವಾಪಸು ಬರುವಷ್ಟು ಇಂಧನ ಹೊತ್ತೇ ಹೊರಡಬೇಕು. ಈ ಮಾರ್ಗದ ನಿಜವಾದ ಅಳತೆ ಒಂದು ಕಡೆಯ ದೂರವಲ್ಲ, ಹೋಗಿಬರುವ ದೂರ ಎಂದರೂ ಸಲ್ಲುತ್ತದೆ.

ಸ್ವಾಲ್ಬಾರ್ಡ್ ನಾರ್ವೆಯ ಆಡಳಿತದಲ್ಲಿದ್ದರೂ, ಗಡಿ ತಪಾಸಣೆಯಿಲ್ಲದೆ ಓಡಾಡಬಹುದಾದ ಯುರೋಪಿನ ಷೆಂಗೆನ್ ವಲಯದ ಹೊರಗಿದೆ. ಓಸ್ಲೊದಿಂದ ಟ್ರಾಮ್ಸೊ ಮೂಲಕ ಸಾಗುವವರು ಅಲ್ಲಿ ಇಳಿದು ಪಾಸ್‌ಪೋರ್ಟ್ ತೋರಿಸಿ ಮುಂದುವರಿಯಬೇಕು. ಭಾರತೀಯರಿಗೆ ಎರಡು ಬಾರಿ ಪ್ರವೇಶಕ್ಕೆ ಅವಕಾಶವಿರುವ ಷೆಂಗೆನ್ ವೀಸಾ ಬೇಕು. ಇಲ್ಲವಾದರೆ ಮರಳಿ ಬರುವಾಗ ತೊಡಕು.

ಟ್ರಾಮ್ಸೊ ನಿಲ್ದಾಣ 1964ರಲ್ಲಿ ಶುರುವಾಯಿತು, ಲಾಂಗಿಯರ್‌ಬೈನ್‌ನದು 1975ರಲ್ಲಿ. ಅದಕ್ಕೂ ಮೊದಲು ಚಳಿಗಾಲದಲ್ಲಿ ಸಮುದ್ರ ಹೆಪ್ಪುಗಟ್ಟಿ ಹಡಗು ನಿಂತರೆ ಲಾಂಗಿಯರ್‌ಬೈನ್‌ನ ಗಣಿ ಕಾರ್ಮಿಕರ ಕುಟುಂಬಗಳು ತಿಂಗಳುಗಟ್ಟಲೆ ಹೊರಜಗತ್ತಿನಿಂದ ದೂರ ಉಳಿಯುತ್ತಿದ್ದವು. ಹೊಸ ರನ್‌ವೇಯನ್ನು ಸದಾ ಹೆಪ್ಪುಗಟ್ಟಿರುವ ನೆಲದ ಮೇಲೆ ಕಟ್ಟಲಾಯಿತು. ಬೇಸಿಗೆಯಲ್ಲಿ ಮೇಲ್ಪದರ ಕರಗಿ, ಚಳಿಗೆ ಮತ್ತೆ ಗಟ್ಟಿಯಾಗಿ ಉಬ್ಬುವುದರಿಂದ ರನ್‌ವೇ ಏರುತಗ್ಗಾಗುತ್ತದೆ. ಡಾಂಬರು ಮತ್ತೆ ಮತ್ತೆ ಹಾಕಬೇಕಾಗಿ ಬಂದಿದೆ. ಆರ್ಕ್ಟಿಕ್ ಬಿಸಿಯಾಗುತ್ತಿರುವ ಈ ಕಾಲದಲ್ಲಿ ಇದು ಸಣ್ಣ ಚಿಂತೆಯಲ್ಲ.

ಭಾರತದ ವಿಜ್ಞಾನಿಗಳಿಗೂ ಈ ಭಾಗ ಪರಿಚಿತ. 2008ರಲ್ಲಿ ಆರಂಭವಾದ ಭಾರತದ ‘ಹಿಮಾದ್ರಿ’ ಸಂಶೋಧನಾ ಕೇಂದ್ರವಿರುವ, ಸ್ವಾಲ್ಬಾರ್ಡ್‌ನದೇ ಆದ ನ್ಯೂ-ಓಲೆಸುಂಡ್‌ಗೆ ಲಾಂಗಿಯರ್‌ಬೈನ್‌ನಿಂದ ಸಣ್ಣ ವಿಮಾನದಲ್ಲಿ ಅರ್ಧ ಗಂಟೆಯೊಳಗಿನ ಹಾದಿ. 2023ರ ಡಿಸೆಂಬರ್‌ನಲ್ಲಿ ಹೊರಟ ಭಾರತದ ಮೊದಲ ಚಳಿಗಾಲದ ಆರ್ಕ್ಟಿಕ್ ತಂಡದಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರೂ ಇದ್ದರು.