ಸತ್ತವರ ಬ್ರೆಡ್ಡು ಮತ್ತು ನಮ್ಮ ಎಳ್ಳು

ಮೆಕ್ಸಿಕೋದಲ್ಲಿ ನವೆಂಬರ್ 1 ಮತ್ತು 2, ತೀರಿಕೊಂಡವರು ಮನೆಗೆ ಬರುವ ದಿನಗಳು. ನಮ್ಮ ಮಹಾಲಯ ಅಮಾವಾಸ್ಯೆಯಂತೆ ಅಲ್ಲಿಯೂ ಎಡೆ ಇಡುತ್ತಾರೆ: ಚೆಂಡುಹೂವು, ಮೇಣದಬತ್ತಿ, ಹಿರಿಯರ ಫೋಟೋ, ಜೊತೆಗೆ ‘ಪಾನ್ ದೆ ಮುಯೆರ್ತೊ’. ಅಂದರೆ ಸತ್ತವರ ಬ್ರೆಡ್ಡು.

ಆದರೆ ಆ ಬ್ರೆಡ್ಡಿನ ಗೋಧಿ ಆ ನೆಲದ್ದಲ್ಲ. 1521ರಲ್ಲಿ ಅಜ್ಟೆಕ್ ರಾಜಧಾನಿಯನ್ನು ಗೆದ್ದ ಸ್ಪೇನಿನವರೊಂದಿಗೆ ಬಂದದ್ದು. ಅವರ ದಂಡಿನಲ್ಲಿದ್ದ ಆಫ್ರಿಕಾ ಮೂಲದ ಹುವಾನ್ ಗರಿಡೊ, ಅಲ್ಲಿ ಮೊದಲು ಗೋಧಿ ಬಿತ್ತಿದವನು ತಾನೇ ಎಂದು 1538ರಲ್ಲಿ ದೊರೆಗೆ ಸಲ್ಲಿಸಿದ ಮನವಿಯಲ್ಲಿ ಹೇಳಿಕೊಂಡಿದ್ದಾನೆ.

ಅದಕ್ಕೂ ಮುಂಚೆ ಹಬ್ಬದ ಹಿಟ್ಟು ರಾಜಗಿರಿಯದು. ಅದನ್ನು ಕಲಸಿ ದೇವರ, ಬೆಟ್ಟಗಳ ಮೂರ್ತಿ ಮಾಡಿ, ಪೂಜೆಯ ನಂತರ ಮುರಿದು ಹಂಚಿಕೊಂಡು ತಿನ್ನುತ್ತಿದ್ದರೆಂದು 16ನೇ ಶತಮಾನದಲ್ಲಿ ಪಾದ್ರಿ ಸಹಗುನ್ ದಾಖಲಿಸಿದ್ದಾರೆ. ತಮ್ಮ ಚರ್ಚಿನ ಪ್ರಸಾದವನ್ನೇ ಹೋಲುವ ಈ ಆಚರಣೆ ಪಾದ್ರಿಗಳಿಗೆ ಸಹ್ಯವಾಗಲಿಲ್ಲ, ಅದನ್ನು ಹತ್ತಿಕ್ಕಿದರು. ಆಳುವವರ ಗೋಧಿ ಹಬ್ಬದ ಧಾನ್ಯವಾಯಿತು.

ಹಾಗೆಂದು ಜನ ಅದನ್ನು ಆಳುವವರದಾಗಿಯೇ ಉಳಿಸಲಿಲ್ಲ. ಮೆಕ್ಸಿಕೋ ಸಿಟಿಯಲ್ಲಿ ದುಂಡನೆಯ ಬ್ರೆಡ್ಡಿನ ಮೇಲೆ ಹಿಟ್ಟಿನದೇ ಮೂಳೆಗಳು, ನಡುವೆ ಗುಂಡು ತಲೆಬುರುಡೆ, ಮೇಲೆ ಸಕ್ಕರೆ. ಓಹಾಕಾದಲ್ಲಿ ಮೊಟ್ಟೆಯ ಹಳದಿ ಹಾಕಿದ ಬ್ರೆಡ್ಡಿಗೆ ಬಣ್ಣದ ಪುಟ್ಟ ಮುಖ ಸಿಕ್ಕಿಸುತ್ತಾರೆ. ಬಿಸಿ ಚಾಕೊಲೇಟಿನಲ್ಲಿ ಅದ್ದಿ ತಿನ್ನುವುದು ಅಲ್ಲಿನ ರೂಢಿ. ಕೆಲವೆಡೆ ಮನುಷ್ಯಾಕಾರದ ಬ್ರೆಡ್ಡಿಗೆ ಕೆಂಪು ಸಕ್ಕರೆ ಉದುರಿಸುತ್ತಾರೆ. ಜನವರಿ 6ಕ್ಕೆ ಬಳೆಯಾಕಾರದ ‘ರೋಸ್ಕಾ’ ಬರುತ್ತದೆ. ಅದರೊಳಗೆ ಬಚ್ಚಿಟ್ಟ ಪುಟ್ಟ ಮಗುವಿನ ಬೊಂಬೆ ಯಾರ ತುಂಡಿನಲ್ಲಿ ಸಿಕ್ಕಿತೋ, ಫೆಬ್ರವರಿ 2ಕ್ಕೆ ತಮಾಲೆ ಊಟ ಹಾಕಿಸುವ ಸರದಿ ಅವರದು. ಆ ತಮಾಲೆಯಾದರೋ ಅಪ್ಪಟ ನೆಲದ ಮೆಕ್ಕೆಜೋಳದ್ದು!

ರಾಜಗಿರಿಯೂ ಅಳಿಯಲಿಲ್ಲ. ಅರಳು ಹುರಿದು ಜೇನಿನಲ್ಲಿ ಕಟ್ಟಿದ ‘ಅಲೆಗ್ರಿಯಾ’ ಅಲ್ಲಿ ಇಂದಿಗೂ ಮಾರಾಟವಾಗುತ್ತದೆ. ಪುಣೆಯಲ್ಲಿ ನಾವು ಏಕಾದಶಿಗೆ ಕೊಳ್ಳುವ ರಾಜಗಿರಿ ಲಾಡುವಿನ ಅಣ್ಣನೆನ್ನಿ. ನಮ್ಮ ಉಪವಾಸದ ಈ ‘ಶುದ್ಧ’ ಆಹಾರದ ಬೀಜ ಅಮೆರಿಕ ಖಂಡದಿಂದ ಬಂದದ್ದು. ಎಡೆಯ ಚೆಂಡುಹೂವೂ ಅಷ್ಟೆ.

ಲೆಕ್ಕ ಏಕಪಕ್ಷೀಯವೂ ಅಲ್ಲ. ಪ್ವೆಬ್ಲಾದಲ್ಲಿ ಸತ್ತವರ ಬ್ರೆಡ್ಡಿನ ಮೇಲೆ ಎಳ್ಳು ಉದುರಿಸುತ್ತಾರೆ. ಎಳ್ಳು ಭಾರತ ಉಪಖಂಡದ ಬೆಳೆ. ನಾವು ಹಿರಿಯರಿಗೆ ಎಳ್ಳುನೀರು ಬಿಡುತ್ತೇವೆ. ಅವರು ಎಳ್ಳುಬ್ರೆಡ್ಡು ಇಡುತ್ತಾರೆ. ಯಾರೂ ಯಾರನ್ನೂ ಕೇಳಿ ಮಾಡಿದ್ದಲ್ಲ. ಊರು ಬಿಟ್ಟು ಬಂದ ನಾವು ಹಬ್ಬದಡುಗೆಯಲ್ಲಿ ‘ಅಸಲಿ’ ಯಾವುದೆಂದು ವಾದಿಸುವಾಗ ಈ ಎಳ್ಳುಕಾಳನ್ನು ನೆನೆಯಬಹುದು.